ಆಯಿ ಕಟ್ಟಿದ ಪಟ್ಟಿ

ಕರೋಶಿಯಲ್ಲಿ ನಮ್ಮ ಆಯಿ, ಅಂದರೆ ಅವ್ವನ ತಾಯಿ, ಆಡು ಕುರಿಗಳ ಮುರಿದ ಕಾಲು ಕಟ್ಟುವುದರಲ್ಲಿ ಹೆಸರಾದವಳು. ಬಿದಿರಿನ ಸೀಳು ಇಟ್ಟು, ಹಳೆಯ ಸೀರೆಯ ಪಟ್ಟಿ ಸುತ್ತಿ ಬಿಗಿದಳೆಂದರೆ ಮುಗಿಯಿತು, ಕೆಲವೇ ವಾರಗಳಲ್ಲಿ ಆಡು ಮತ್ತೆ ಬೇಲಿ ಹಾರುತ್ತಿತ್ತು. ಅವಳಿಗೆ ಗೊತ್ತಿದ್ದ ಔಷಧ ಅದೊಂದೇ: ಅಲುಗಾಡದಂತೆ ಕಟ್ಟುವುದು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಓಡುತ್ತ ಬಂದು ದನಗಳಿಗೆ ಮೇವು ಹಾಕುವ ಕಲ್ಲಿನ ಮೇಲೆ ಮುಗ್ಗರಿಸಿದೆ. ಗದ್ದ ಒಡೆದು ರಕ್ತ ಸುರಿಯಿತು. ಚಿಕ್ಕೋಡಿಗೆ ಒಯ್ಯೋಣ ಎಂದ ಅವ್ವನ ಮಾತನ್ನು ಆಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅರಿಶಿಣ ಒತ್ತಿದಳು, ರಕ್ತ ನಿಂತಿತು. ಆದರೆ ಜೀವ ಹಿಂಡುವ ನೋವಿದ್ದದ್ದು ಗದ್ದದಲ್ಲಲ್ಲ, ಎರಡೂ ಕಿವಿಗಳ ಮುಂದೆ. ಕಿವಿನೋವೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಬಾಯಿ ತೆರೆದಾಗಲೆಲ್ಲ ನಾನು ಚೀರುವುದನ್ನು ನೋಡಿ ಆಯಿ ಸೀರೆಯ ಪಟ್ಟಿ ತಂದು, ಗದ್ದದಿಂದ ನೆತ್ತಿಗೆ ಸುತ್ತಿ ಬಿಗಿದಳು.

"ಬಾಯಿ ತಗೀಬ್ಯಾಡ ನನ್ನವ್ವ. ಬಿಗಿದಷ್ಟು ಛಲೋ ಕೂಡತೈತಿ."

ಹಲ್ಲಿನ ಸಂದಿಯಿಂದ ಗಂಜಿ ಹೀರುತ್ತ ಇಡೀ ಮಳೆಗಾಲ ಕಳೆದೆ. ಅವಳು ನನ್ನನ್ನು ತೊಡೆಯಿಂದ ಇಳಿಸಲೇ ಇಲ್ಲ. ಅಷ್ಟು ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ. ಹಾಗೆ ಬರೆಯಲೂ ಈಗ ಸಿಟ್ಟು ಬರುತ್ತದೆ.

ಪಟ್ಟಿ ಬಿಚ್ಚಿದಾಗ ಬಾಯಿ ಒಂದು ಬೆರಳಷ್ಟೇ ತೆರೆಯಿತು. ವರ್ಷ ಕಳೆದಂತೆ ಅದೂ ಕಡಿಮೆಯಾಯಿತು. ಮೈ ಬೆಳೆದರೂ ಗದ್ದ ಬೆಳೆಯಲಿಲ್ಲ, ಮುಖ ಕೆಳಗೆ ಮೊಟಕಾಗಿಯೇ ಉಳಿಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನನಗೆ ಎರಡೂ ಇದ್ದವು, ಒಳಗೆ ಹೋಗಲು ದಾರಿ ಇರಲಿಲ್ಲ. ರಾಯಬಾಗದ ಬಸ್ ಸ್ಟ್ಯಾಂಡಿನ ಹತ್ತಿರ ಗೆಳತಿಯರು ಪಾನಿಪೂರಿ ನುಂಗುವಾಗ ನಾನು ಅದನ್ನು ಚೂರು ಮಾಡಿ ಹಲ್ಲಿನ ನಡುವೆ ತುರುಕುತ್ತಿದ್ದೆ. ಯಾರಾದರೂ ಬಾಯ್ತುಂಬ ಆಕಳಿಸಿದರೂ ಹೊಟ್ಟೆಕಿಚ್ಚಾಗುತ್ತಿತ್ತು.

ಕಾಲೇಜು ಸೇರಿದ ವರ್ಷ ನಿಪ್ಪಾಣಿಯ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆಸಿದರು. ಪೆಟ್ಟು ಬಿದ್ದದ್ದು ಗದ್ದಕ್ಕಾದರೂ ಮುರಿದದ್ದು ಕಿವಿಯ ಮುಂದಿನ ದವಡೆಯ ಕೀಲು, ದಿನಾ ಆಡಿಸಬೇಕಿದ್ದ ಕೀಲನ್ನು ಕಟ್ಟಿಟ್ಟದ್ದರಿಂದ ಎಲುಬಿಗೆ ಎಲುಬು ಕೂಡಿಬಿಟ್ಟಿದೆ ಎಂದರು. ಆಯಿ ಪಕ್ಕದಲ್ಲೇ ಕೂತಿದ್ದಳು.

"ಆಡಿನ ಕಾಲು ಕೂಡತಿತ್ತಲ್ರಿ," ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಮಿರಜದಲ್ಲಿ ಆಪರೇಷನ್ ಆಯಿತು. ಈಗ ಬಾಯಿ ಎರಡು ಬೆರಳು ತೆರೆಯುತ್ತದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರೆ ತಿನ್ನಬಹುದು. ಹಲ್ಲು ಗಟ್ಟಿಯಿದ್ದರೂ ಆಯಿ ಕೂಡ ಅಂದಿನಿಂದ ನೆನೆಸಿದ ರೊಟ್ಟಿಯನ್ನೇ ತಿಂದಳು. ಕಾಲು ಮುರಿದ ಆಡು ಹೊತ್ತು ಬಂದವರನ್ನು ಬಾಗಿಲಿಂದಲೇ ಕಳಿಸಿದಳು. ಅವಳ ಮೇಲೆ ನನಗಿದ್ದ ಸಿಟ್ಟು ಅದರಿಂದ ಕರಗಲಿಲ್ಲ.

ಹೋದ ಚಳಿಗಾಲ ಆಯಿ ತೀರಿಕೊಂಡಳು. ಸತ್ತವರ ಬಾಯಿ ತೆರೆದುಕೊಳ್ಳಬಾರದೆಂದು ನಮ್ಮಲ್ಲಿ ಗದ್ದದಿಂದ ನೆತ್ತಿಗೆ ಅರಿವೆ ಕಟ್ಟುತ್ತಾರೆ. ಮೊಮ್ಮಗಳು ಹಾಡಿಕೊಂಡು ಅಳಬೇಕೆಂದು ಹೆಂಗಸರೆಲ್ಲ ನನ್ನ ಕಡೆ ನೋಡುತ್ತಿದ್ದರು. ಎರಡು ಬೆರಳಿನ ಬಾಯಲ್ಲಿ ಎಂಥ ಹಾಡು. ಓಣಿಯ ಹಿರಿಯ ಹೆಂಗಸೊಬ್ಬಳು ಪಟ್ಟಿ ಸುತ್ತಿ ಜಗ್ಗತೊಡಗಿದಳು. ನಾನು ಅವಳ ಕೈ ಹಿಡಿದೆ.

"ಸಡ್ಲ ಕಟ್ರಿ ಕಾಕು," ಎಂದೆ. "ಬಾಯಿ ತಗದ್ರ ತಗೀಲಿ."