ನವೆಂಬರ್ ಬೇಡವೆಂದ ವಾಮನರಾಯರು

ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್ಲಿನ ಇಂಡಿಯನ್ ಅಂಗಡಿಯ ಮುಂದೆ ದೊಡ್ಡದೊಂದು ಪಾರ್ಕಿಂಗ್ ಜಾಗವಿದೆ. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ ಅಲ್ಲಿ ಬಿಳಿಗೂದಲಿನ ಗೃಹಸ್ಥರೊಬ್ಬರು ತಮ್ಮ ಹಳೆಯ ಕಾರನ್ನು ಎಡಕ್ಕೆ ತಿರುಗಿಸಬೇಕಾದಾಗಲೆಲ್ಲ ಮೊದಲು ಬಲತುದಿಗೆ ಒಯ್ದು ನಿಲ್ಲಿಸಿ, ಸಂಧ್ಯಾವಂದನೆಗೆ ಕೂತವರಂತೆ ನೆಟ್ಟಗೆ ಕೂತಿರುತ್ತಿದ್ದರು. ಅವರ ಹೆಂಡತಿ ಅಂಗಡಿಯ ಖಾಲಿ ತಳ್ಳುಗಾಡಿಯೊಂದನ್ನು ನೂಕಿಕೊಂಡು ಕಾರಿನ ಎದುರಿನಿಂದ ನಿಧಾನವಾಗಿ ಹಾದುಹೋಗುತ್ತಿದ್ದರು. ತಳ್ಳುಗಾಡಿ ಎಂದರೆ ಟ್ರಾಮು. ಟ್ರಾಮು ದಾಟಿದ ಮೇಲೆ ಕಾರು ಇಡೀ ಅಂಗಳವನ್ನು ಅಡ್ಡಹಾಯ್ದು, ಗಂಭೀರವಾಗಿ, ಎಡಕ್ಕೆ ತಿರುಗುತ್ತಿತ್ತು.

ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ವರ್ಷ ಅದು. ನಾನು ಮೊದಲ ಸಲ ಈ ದೃಶ್ಯ ಕಂಡಾಗ ಪೊಲೀಸರಿಗೆ ಫೋನ್ ಮಾಡುವುದೋ ಡಾಕ್ಟರಿಗೋ ಎಂದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಕಾರಿನ ಗಾಜು ಇಳಿಯಿತು.

"ಮೆಲ್ಬರ್ನ್ ಊರಾಗ ಹಿಂಗ ತಿರಗಬೇಕ್ರಿ," ಎಂದರು, ಹೆಸರು ಕುಲ ಏನೂ ಕೇಳದೆ. "ಬಲಕ್ಕ ಹೋಗಾವ ಎಡಕ್ಕ ಸರದು ನಿಂದರಬೇಕು. ನಡುವ ಟ್ರಾಮ್ ಬರ್ತಾವಲ್ಲ, ಅವಕ್ಕ ದಾರಿ ಬಿಡಬೇಕು. ಆಮ್ಯಾಲೆ ತಿರಗಬೇಕು. ಅಲ್ಲಿ ಎಡಗಡೆ ಗಾಡಿ ಹೊಡೀತಾರ, ಇಲ್ಲಿ ಬಲಗಡೆ. ಅದಕ್ಕ ಕನ್ನಡಿಯೊಳಗ ಕಂಡಂಗ ರೂಢಿ ಮಾಡ್ಲಿಕ್ಕತ್ತೀನಿ."

"ಯಾವಾಗ ಹೊರಟಿದೀರಾ ಸಾರ್?"

"ಹೋಗಲಿಕ್ಕೆ ಅವರು ಬಾಗಲಾ ತಗೀಬೇಕಲ್ಲ."

ಅವರೇ ವಾಮನರಾಯರು. ಧಾರವಾಡದವರು. ನಮ್ಮ ಕೌಂಟಿಯ ರಸ್ತೆಗಳ ಮೇಲೆ ಬಿದ್ದ ಮಳೆನೀರು ಯಾವ ಮೋರಿಗೆ ಹೋಗಬೇಕೆಂದು ನಿರ್ಧರಿಸುವ ಎಂಜಿನಿಯರು. ಮೆಲ್ಬರ್ನಿನಲ್ಲಿ ಅವರ ಅಕ್ಕ ಗಂಗಕ್ಕ ಇದ್ದರು. ಗಂಗಕ್ಕನ ಗಂಡ ಅಲ್ಲಿ ಟ್ರಾಮು ಓಡಿಸಿ, ನಿವೃತ್ತರಾಗಿ, ತೀರಿಹೋದವರು. ಭಾವ ಬದುಕಿದ್ದಾಗ ಫೋನಿನಲ್ಲಿ ಹೇಳಿದ ಕತೆಗಳಿಂದ ಶುರುವಾದ ರಾಯರ ಮೆಲ್ಬರ್ನ್ ಅಧ್ಯಯನ ನಾನು ಅವರನ್ನು ಕಾಣುವ ಹೊತ್ತಿಗೆ ಇಪ್ಪತ್ತು ವರ್ಷ ದಾಟಿತ್ತು. ಊರನ್ನು ಮಾತ್ರ ಅವರು ಒಮ್ಮೆಯೂ ನೋಡಿರಲಿಲ್ಲ. ಮೊದಲು ವೀಸಾದ ಹೆದರಿಕೆ. ದೇಶ ಬಿಟ್ಟರೆ ಮರಳಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಗ್ರೀನ್ ಕಾರ್ಡಿನ ಸಾಲಿನಲ್ಲಿ ತಪಸ್ಸು ಮಾಡಿದರು. ಕಾರ್ಡು ಬಂತು, ಟಿಕೆಟ್ ತೆಗೆದರು, ಕೊರೋನಾಕ್ಕೆ ಹೆದರಿ ಆಸ್ಟ್ರೇಲಿಯಾ ಬಾಗಿಲು ಹಾಕಿಕೊಂಡಿತು.

ಆ ಬಾಗಿಲು ಮತ್ತೆ ತೆರೆದ ಮೇಲೆ ನಮ್ಮ ಕಡೆಯ ಯಾರೇ ಆಸ್ಟ್ರೇಲಿಯಾಕ್ಕೆ ಹೊರಟರೂ ಮೊದಲು ರಾಯರ ಗ್ಯಾರೇಜಿಗೆ ಹೋಗಿ ಬರುವುದು ವಾಡಿಕೆಯಾಯಿತು. ಬಾಗಿಲು ಅರ್ಧ ಎತ್ತಿದ ಗ್ಯಾರೇಜು, ಎರಡು ಮಡಿಸುವ ಕುರ್ಚಿ, ಅವರ ಹೆಂಡತಿ ವಿಮಲಾಬಾಯಿಯವರ ಚಹಾ. ಪ್ರವಾಸಿಗಳು ಪೆಂಗ್ವಿನ್ ನೋಡಲು ಯಾವ ಬಸ್ಸು ಎಂದು ಕೇಳಲು ಬಂದಿರುತ್ತಿದ್ದರು. ರಾಯರು ಅದನ್ನೂ ಹೇಳುತ್ತಿದ್ದರು. ಊರೊಳಗಿನ ಸಮುದ್ರದಂಡೆಯಲ್ಲೇ, ಕಲ್ಲುಗಳ ಸಂದಿಯಲ್ಲಿ, ಮೊಳದುದ್ದದ ಪೆಂಗ್ವಿನ್‌ಗಳು ಸಂಸಾರ ಹೂಡಿವೆ; ಮುಸ್ಸಂಜೆಗೆ ಆಫೀಸು ಮುಗಿಸಿದವರ ಹಾಗೆ ನೀರಿನಿಂದ ಮೇಲೆದ್ದು ಮನೆಗೆ ಬರುತ್ತವೆ. ಒಂದು ಟ್ರಾಮಿನಲ್ಲಿ ಕೂತರೆ ಇಳಿಯುವಷ್ಟರಲ್ಲಿ ಐದು ಭಾಷೆಯ ಜಗಳ ಕೇಳಬಹುದು. ಒಂದೇ ದಿನದಲ್ಲಿ ನಾಲ್ಕು ಋತು ಬಂದುಹೋಗುವುದರಿಂದ ಊರಿನವರು ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಾರೆ.

ಇಷ್ಟು ಹೇಳಿ ಚಹಾ ಗುಟುಕರಿಸಿ ಧ್ವನಿ ತಗ್ಗಿಸುತ್ತಿದ್ದರು. ಅಲ್ಲಿಂದ ಮುಂದೆ ಅದು ಗರುಡಪುರಾಣ.

"ಊರ ನಡುವ ದೊಡ್ಡ ಮಾರ್ಕೆಟ್ ಅದ, ಹಳೇದು. ಭಾಳ ಛಲೋ ಕಾಯಿಪಲ್ಲೆ ಸಿಗ್ತದ. ಅದನ್ನ ಕಟ್ಟಿದ್ದು ಎಲ್ಲೆ ಗೊತ್ತೇನು? ಹಳೇ ಸ್ಮಶಾನದ ಮ್ಯಾಲೆ. ಎಷ್ಟೋ ಮಂದೀನ ಎತ್ತಲೇ ಇಲ್ಲ. ನೀವು ಗಾಡಿ ನಿಂದರಿಸಿ ಕೊತಂಬರಿ ತರಲಿಕ್ಕೆ ಹೋಗ್ತೀರಿ, ಕೆಳಗ ಅವರು ಮಲಗೇ ಇರ್ತಾರ."

ಕೇಳುತ್ತಿದ್ದವರ ಚಹಾ ಅಷ್ಟಕ್ಕೇ ನಿಲ್ಲುತ್ತಿತ್ತು. ಅವರನ್ನು ಸಮಾಧಾನಪಡಿಸಲೆಂದು ರಾಯರು ಮರಗಳ ಸಂಗತಿ ತೆಗೆಯುತ್ತಿದ್ದರು. ಆ ಊರಿನ ಮುನಿಸಿಪಾಲಿಟಿ ಒಂದೊಂದು ಮರಕ್ಕೂ ಒಂದೊಂದು ಇಮೇಲ್ ವಿಳಾಸ ಕೊಟ್ಟಿತ್ತು, ಕೊಂಬೆ ಮುರಿದರೆ ಜನ ತಿಳಿಸಲಿ ಎಂದು. ಜನ ಮುರಿದ ಕೊಂಬೆಯ ವಿಷಯ ಬಿಟ್ಟು ಮರಕ್ಕೆ ಪ್ರೇಮಪತ್ರ ಬರೆದರು. ರಾಯರೂ ಭಾವ ಟ್ರಾಮು ಓಡಿಸುತ್ತಿದ್ದ ರಸ್ತೆಯ ಒಂದು ಎಲ್ಮ್ ಮರಕ್ಕೆ ಬರೆದಿದ್ದರು.

"ಏನಂತ ಬರೆದ್ರಿ?" ಎಂದು ಕೇಳಿದೆ.

"ನಾ ಬರೋತನಕ ಬೀಳಬ್ಯಾಡ ಅಂತ."

"ಉತ್ತರ ಬಂತಾ?"

"ಬಂತು. ನೀವು ಬರೋದು ತಡಾ ಮಾಡಬ್ಯಾಡ್ರಿ ಅಂತ." ಮುನಿಸಿಪಾಲಿಟಿಯ ಗುಮಾಸ್ತನೊಬ್ಬನ ತಮಾಷೆ ಅದು. ರಾಯರು ಹೇಳುವಾಗ ಮಾತ್ರ ಯಾರೂ ನಗಲಿಲ್ಲ.

ಒಮ್ಮೆ ಪಲ್ಲವಿ ಎಂಬ ಹುಡುಗಿ ಗಂಡನ ಜೊತೆ ಬಂದಳು. ಅಟ್ಲಾಂಟಾದಲ್ಲಿ ಕೆಲಸ, ಹೊಸದಾಗಿ ಮದುವೆ. "ಅಂಕಲ್, ಟೆನ್ ಡೇಸ್ ಪ್ಲಾನ್ ಮಾಡಿದೀವಿ, ನವೆಂಬರ್‌ನಲ್ಲಿ. ಅಲ್ಲಿ ಸ್ಪ್ರಿಂಗ್ ಅಲ್ವಾ, ಸೂಪರ್ ಆಗಿರತ್ತೆ ಅಂತ."

"ನವೆಂಬರ್ ಬ್ಯಾಡ," ಎಂದರು ರಾಯರು.

"ರೇಟ್ ಜಾಸ್ತಿನಾ?"

"ತಂಗಿ, ನಿನಗ ಮೂಗು ಸೋರ್ತದೇನು, ಈ ಹಳದಿ ಪುಡಿ ಬಂದಾಗ?"

ಮಾರ್ಚ್ ತಿಂಗಳದು. ಲಾರೆನ್ಸ್‌ವಿಲ್ಲಿನ ಪೈನ್ ಮರಗಳು ಊರಿಗೆಲ್ಲ ಪರಾಗದ ಅರಿಸಿನ ಎರಚಿದ್ದವು. ರಾಯರ ಕಾರಿನ ಮೇಲೆ ಬೆರಳು ಎಳೆದರೆ ಗೆರೆ ಬೀಳುವಂತಿತ್ತು. "ಸೀಸನಲ್ ಅಲರ್ಜಿ ಇದೆ ಅಂಕಲ್, ಎಲ್ಲರಿಗೂ ಇರತ್ತಲ್ಲ," ಎಂದಳು ಹುಡುಗಿ.

"ಇದು ದಪ್ಪ ಪುಡಿ, ಮೂಗಿನಾಗ ನಿಂದರ್ತದ. ಅಲ್ಲೀದು ಹುಲ್ಲಿನ ಪುಡಿ. ನವೆಂಬರ್‌ದಾಗ ಊರ ಹೊರಗಿನ ಬಯಲೆಲ್ಲಾ ಹುಲ್ಲು ಹೂಬಿಟ್ಟಿರ್ತದ. ಒಂದು ಗುಡುಗಿನ ಮಳಿ ಬಂತಂದ್ರ, ಮೋಡದ ತ್ಯಾವಕ್ಕ ಆ ಪುಡಿ ಒಡದು ಸಣ್ಣಾಗ್ತದ. ಮಳಿಗಿಂತ ಮುಂದ ತಂಪು ಗಾಳಿ ಬರ್ತದಲ್ಲ, ಅದರ ಜೋಡಿ ಬಂದು ಸೀದಾ ಎದಿಯೊಳಗ ಇಳೀತದ. ದಮ್ಮು ಇಲ್ಲದವರಿಗೂ ದಮ್ಮು ಹಿಡೀತದ. ಹವಾಮಾನ ಹೇಳಿದಂಗ ಅದನ್ನೂ ದಿನಾ ಹೇಳ್ತಾರ ಅಲ್ಲೆ. ಮೋಡ ಕಂಡ್ರ ಕಿಡಕಿ ಬಾಗಲಾ ಹಾಕ್ಕೊಂಡು ಒಳಗ ಕೂಡಬೇಕು."

"ತಂಪು ಗಾಳಿ ಬಂದ್ರೆ ನಾವು ಬಾಲ್ಕನಿಗೆ ಓಡ್ತೀವಲ್ಲ ಅಂಕಲ್," ಎಂದಳು ಪಲ್ಲವಿ.

"ಅದಕ್ಕನ ಹೇಳಿದ್ದು."

ಅವರು ಟಿಕೆಟನ್ನು ಮುಂದಿನ ಮಾರ್ಚಿಗೆ ಬದಲಾಯಿಸಿಕೊಂಡರು. ರಾಯರು ಅವತ್ತು ನನ್ನ ಕಡೆ ತಿರುಗಿ, "ಏನ್ರೀ ಮೈಸೂರವರ, ನಾ ಜೀವಮಾನ ಮಳಿನೀರಿನ ಜೋಡಿ ಗುದ್ದಾಡೀನಿ. ನೀರಿಗೆ ಒಂದು ಪೈಪ್ ಹಾಕಿ ಕಳಸಬಹುದು. ಗಾಳಿಗೆ ಏನ್ ಹಾಕೂದು?" ಎಂದರು. ಹೇಳಿ ಜೇಬಿನಿಂದ ನೀಲಿ ಪಂಪು ತೆಗೆದು ಎರಡು ಸಲ ಬಾಯೊಳಗೆ ಒತ್ತಿಕೊಂಡರು. ಅವರಿಗೆ ಚಿಕ್ಕಂದಿನಿಂದಲೂ ದಮ್ಮು ಇದ್ದದ್ದು ನನಗೆ ತಿಳಿದದ್ದು ಹೀಗೆ.

ದೀಪಾವಳಿಯ ಮಾತು ಹೇಳಬೇಕು. ಪಾಡ್ಯದ ಮರುದಿನ ಬಿದಿಗೆ, ಸೋದರ ಬಿದಿಗೆ. ಅಂದು ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಯಲ್ಲಿ ಆರತಿ ಮಾಡಿಸಿಕೊಂಡು ಉಣ್ಣಬೇಕು. ಅಂದು ಯಮನೂ ತಂಗಿ ಯಮುನೆಯ ಮನೆಗೆ ಊಟಕ್ಕೆ ಹೋಗುತ್ತಾನೆ. ಅಕ್ಕನ ಕೈಯಲ್ಲಿ ಉಂಡವನ ತಂಟೆಗೆ ಬರುವುದಿಲ್ಲ. ಆಸ್ಟ್ರೇಲಿಯಾ ಬಾಗಿಲು ಹಾಕಿಕೊಂಡಿದ್ದ ವರ್ಷ ಗಂಗಕ್ಕ ಇದನ್ನು ಫೋನಿನಲ್ಲೇ ಮಾಡುವುದೆಂದು ತೀರ್ಮಾನಿಸಿದರು. ನಾನೂ ಆಹ್ವಾನಿತ. ಅಲ್ಲಿ ಬಿದಿಗೆಯ ಬೆಳಗು, ಇಲ್ಲಿ ಇನ್ನೂ ಪಾಡ್ಯದ ಸಂಜೆ. ಯಮ ಯಾವ ಊರಿನ ಗಡಿಯಾರ ನೋಡುತ್ತಾನೆ ಎಂಬ ಚರ್ಚೆ ನಡೆದು, ಇತ್ಯರ್ಥವಾಗದೆ, ರಾಯರು ಮಣೆಯ ಮೇಲೆ ಕೂತರು. ಅಕ್ಕ ಅಲ್ಲಿಂದ ಫೋನಿಗೆ ಆರತಿ ಎತ್ತಿದರು. ಕುಂಕುಮ ಹಚ್ಚುವಾಗ ರಾಯರು ಭಕ್ತಿಯಿಂದ ತಲೆ ಬಗ್ಗಿಸಿದರು. ಹಣೆ ಪರದೆಯ ಕೆಳತುದಿಗೆ ಬಂತು. ಅಕ್ಕ ಆ ಹಣೆಗೆ ಒದ್ದೆ ಬೆರಳಿಟ್ಟರು. ಅಲ್ಲೇ ಕರೆ ಕಡಿಯುವ ಕೆಂಪು ಗುಂಡಿ. ಫೋನು ಕಪ್ಪಾಯಿತು.

ಎಲ್ಲರೂ ನಕ್ಕೆವು. ರಾಯರು ಮಾತ್ರ ಕಪ್ಪು ಪರದೆಯನ್ನು ನೋಡುತ್ತ, "ಕುಂಕುಮ ಹಚ್ಚಿದಳೋ, ಇಲ್ಲೋ?" ಎಂದು ಕೇಳಿದರು. ಗೊತ್ತಿಲ್ಲವೆಂದೆವು. ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ.

ಬಾಗಿಲು ತೆರೆದ ಮೇಲೂ ರಾಯರ ಪ್ರಯಾಣ ತಕ್ಷಣ ಕೂಡಿಬರಲಿಲ್ಲ. ಮೊದಲ ವರ್ಷ ವಿಮಲಾಬಾಯಿಯವರ ಮಂಡಿಯ ಶಸ್ತ್ರಚಿಕಿತ್ಸೆ. ಎರಡನೆಯ ವರ್ಷ ಗಂಗಕ್ಕನ ಫೋನು ಬಂತು: "ವಾಮ್ಯಾ, ನನಗ ಎಪ್ಪತ್ತೆಂಟು ಆತು. ಕೈ ನಡಗ್ತಾವ. ಮುಂದಿನ ವರ್ಷ ಆರತಿ ತಟ್ಟಿ ಹಿಡೀತೀನೋ ಇಲ್ಲೋ. ಈ ಬಿದಿಗಿಗೆ ಬಂದು ಉಂಡು ಹೋಗು."

ಆ ವರ್ಷದ ಬಿದಿಗೆ ನವೆಂಬರ್ ನಡುವೆ ಬಿದ್ದಿತ್ತು. ನಮ್ಮ ಪಂಚಾಂಗ ಮಾಡಿದ ಹಿರಿಯರಿಗೆ ಭೂಮಿಗೆ ಇನ್ನೊಂದು ಮಗ್ಗುಲಿದೆ, ಅಲ್ಲಿ ಶರತ್ಕಾಲದ ಹಬ್ಬ ವಸಂತದಲ್ಲಿ ಬಂದು ಕೂರುತ್ತದೆ ಎಂಬುದು ಹೊಳೆದಿರಲಿಲ್ಲ. ನಾನು ಗ್ಯಾರೇಜಿಗೆ ಹೋಗಿ, ನನ್ನ ಜೀವನದಲ್ಲಿ ಮೊದಲ ಸಲ, ರಾಯರಿಗೇ ಉಪದೇಶ ಮಾಡಿದೆ.

"ರಾಯರೇ, ನವೆಂಬರ್ ಬೇಡ ಅಂತ ನೀವೇ ಊರಿಗೆಲ್ಲ ಹೇಳಿದೀರಿ. ಮಾರ್ಚಲ್ಲಿ ಹೋಗಿ."

"ಮಾರ್ಚ್‌ದಾಗ ಬಿದಿಗಿ ಎಲ್ಲೆ ಅದ ಮೈಸೂರವರ?"

"ನಿಮ್ಮ ದಮ್ಮು?"

"ಪಂಪ್ ಅದ. ಕಿಡಕಿ ಹಾಕ್ಕೋತೀನಿ. ಹುಲ್ಲಿನ ಬಗ್ಗೆ ಆ ಊರಿನವರಿಗಿಂತ ನನಗ ಹೆಚ್ಚು ಗೊತ್ತದ." ಪಂಪು ಇದ್ದ ಜೇಬು ತಟ್ಟಿಕೊಂಡು, "ಮತ್ತ, ಯಮ ಅವತ್ತ ತಂಗಿ ಮನ್ಯಾಗ ಊಟಕ್ಕ ಕೂತಿರ್ತಾನ. ಡ್ಯೂಟಿ ಮ್ಯಾಲೆ ಇರಂಗಿಲ್ಲ," ಎಂದರು.

ಗಂಡಹೆಂಡಿರಿಬ್ಬರನ್ನೂ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಇಳಿಯುವಾಗ ರಾಯರು ನನ್ನ ಕಾರನ್ನು ತೋರಿಸಿ, "ಭಾಳ ಎಡಕ್ಕ ನಿಂದರಿಸೀರಿ, ಟ್ರಾಮ್ ಬಂದ್ರ ಕಷ್ಟ," ಎಂದರು. ಅದು ಕೊನೆಯ ಮಾತು.

ವಿಮಾನ ಇಳಿದ ದಿನವೇ ಆ ಎಲ್ಮ್ ಮರವನ್ನು ನೋಡಲು ಹೋಗಿ, ಅದರ ಮುಂದೆ ನಿಂತು ತಮ್ಮ ಹೆಸರು ಹೇಳಿಕೊಂಡರಂತೆ. ನಾಲ್ಕನೆಯ ದಿನ ನಮಗೆ ಬೆಳಗಾಗುತ್ತಿದ್ದಂತೆ ವಿಮಲಾಬಾಯಿಯವರ ಫೋನು ಬಂತು. ಅಲ್ಲಿ ಪಾಡ್ಯದ ಸಂಜೆ ಮುಗಿದಿತ್ತು. ದೊಡ್ಡ ಮಳೆಯೇನಲ್ಲ, ದೂರದಲ್ಲಿ ಗುಡುಗು, ಸ್ವಲ್ಪ ಗಾಳಿ. ರಾಯರು ಮಧ್ಯಾಹ್ನವೇ ಮನೆ ಸುತ್ತು ಹಾಕಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆದರೆ ದೀಪ ಹಚ್ಚುವ ಹೊತ್ತಿಗೆ ಗಂಗಕ್ಕ ತಲೆಬಾಗಿಲು ತೆರೆದು ಹೊಸ್ತಿಲ ಎರಡೂ ಕಡೆ ಹಣತೆ ಇಟ್ಟರು. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದ ಮನೆಗೆ ಲಕ್ಷ್ಮಿ ಬರುವುದಿಲ್ಲ. ಇದನ್ನು ನಮ್ಮಲ್ಲಿ ಯಾರಿಗೂ ಯಾರೂ ಕಲಿಸಬೇಕಾಗಿಲ್ಲ. ತಂಪು ಗಾಳಿ ಪಡಸಾಲೆಯವರೆಗೂ ಬಂತು.

"ಬಾಗಲಾ ಹಾಕ್ರಿ ಅಂದೆ," ಎಂದರು ವಿಮಲಾಬಾಯಿ. ಅಳುತ್ತಿರಲಿಲ್ಲ, ವರದಿ ಒಪ್ಪಿಸುವಂತಿತ್ತು. "ಅಕ್ಕನ ಮನಿ ಬಾಗಲಾ, ದೀಪ ಹಚ್ಚೋ ಹೊತ್ತಿನ್ಯಾಗ, ನಾ ಹಾಕ್ಲೇನು ಅಂದ್ರು. ಪಂಪ್ ಕೈಯಾಗ ಹಿಡಕೊಂಡು ಬಾಗಲದ ಎದರಿಗೇ ಕೂತ್ರು. ಅಕ್ಕ ದೀಪಕ್ಕ ಎಣ್ಣಿ ಹಾಕೋದನ್ನ ನೋಡಕೋತ."

ಆಂಬುಲೆನ್ಸ್ ಬೇಗನೇ ಬಂತಂತೆ. ಗಾಳಿ ಅದಕ್ಕಿಂತ ಮೊದಲು ಬಂದಿತ್ತು. ಬಿದಿಗೆಯ ಊಟಕ್ಕೆ ಇನ್ನೂ ಒಂದು ರಾತ್ರಿ ಉಳಿದಿತ್ತು. ಯಮಧರ್ಮರಾಯ ಊಟಕ್ಕೆ ಹೊರಡುವ ಹಿಂದಿನ ದಿನ ಮೇಜಿನ ಮೇಲಿನ ಕೆಲಸವನ್ನೆಲ್ಲ ಮುಗಿಸಿ ಹೋಗುವ ಶಿಸ್ತಿನ ಅಧಿಕಾರಿ ಎಂಬ ಸಂಗತಿ ರಾಯರ ಮೆಲ್ಬರ್ನ್ ಪುರಾಣದಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ನನ್ನ ಆಫೀಸು ನನ್ನನ್ನು ಎರಡು ವಾರ ಅದೇ ಊರಿಗೆ ಕಳಿಸಿತು. ರಾಯರು ಹೇಳಿದ್ದೆಲ್ಲ ಇದ್ದಲ್ಲೇ ಇತ್ತು. ಬಲಕ್ಕೆ ಹೋಗುವ ಕಾರುಗಳು ಎಡಕ್ಕೆ ಸರಿದು ಟ್ರಾಮಿಗೆ ದಾರಿ ಬಿಟ್ಟು ನಿಂತಿದ್ದವು. ಒಂದು ದಿನಕ್ಕೆ ನಾಲ್ಕು ಋತು ಬಂದವು. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕೊಂಡಾಗ ಕಾಲು ತಾವಾಗಿಯೇ ಮೆಲ್ಲಗೆ ಬಿದ್ದವು. ಎಲ್ಮ್ ಮರ ಬಿದ್ದಿರಲಿಲ್ಲ, ಎಲೆ ಉದುರಿಸುತ್ತಿತ್ತು.

ಒಂದು ಸಂಜೆ ಗಂಗಕ್ಕನನ್ನು ಕಾಣಲು ಅವರು ಮಗಳ ಜೊತೆ ಇರುವ ಅದೇ ಮನೆಗೆ ಹೋದೆ. ಊರಿನ ಪಶ್ಚಿಮದ ಹೊಸ ಬಡಾವಣೆ. ಬೇಲಿಯಾಚೆ ಬಯಲು, ಬಯಲಿನ ತುಂಬ ಒಣಗಿದ ಹುಲ್ಲು. ಗಾಳಿ ಇರಲಿಲ್ಲ, ಮೋಡವೂ ಇರಲಿಲ್ಲ. "ಮೈಸೂರವರಲ್ಲೇನು? ವಾಮ್ಯಾ ಹೇಳಿದ್ದ," ಎಂದು ಒಳಗೆ ಕರೆದರು. ಚಹಾ ಕೊಟ್ಟರು. ಅವರ ಕೈ ನಿಜವಾಗಿಯೂ ನಡುಗುತ್ತಿತ್ತು.

ಹೊತ್ತು ಮುಳುಗಿತು. ಗಂಗಕ್ಕ ಎದ್ದು ದೇವರ ಮುಂದೆ ದೀಪ ಹಚ್ಚಿದರು, ಹೊಸ್ತಿಲಿಗೆ ಒಂದು ಹಣತೆ ತಂದಿಟ್ಟರು, ಕೈ ಮುಗಿದರು. ನಾನು ಬರುವಾಗ ಅರೆತೆರೆದು ಬಿಟ್ಟಿದ್ದ ಬಾಗಿಲು ಹಾಗೇ ಇತ್ತು.

"ಬಾಗಲಾ ಹಾಕ್ರಿ," ಎಂದರು.

ನಾನು ಹಣತೆಯನ್ನೂ ಅವರ ಮುಖವನ್ನೂ ನೋಡಿದೆ. "ದೀಪ ಹಚ್ಚಿದೀರಿ..."

"ಬರೋರು ಬೆಲ್ ಮಾಡ್ತಾರ," ಎಂದರು ಗಂಗಕ್ಕ. "ಹಾಕ್ರಿ."