ಟವರ್ ಸಿಗ್ತದಾ?

ತಾಯಲೂರು ಕಡೆಯ ನಮ್ಮ ಊರಿನ ಹಾಲಿನ ಡೈರಿ ಕಾರ್ಯದರ್ಶಿ ಯಾರ ಹೊಸ ಮೊಬೈಲನ್ನೂ ಸುಲಭಕ್ಕೆ ಒಪ್ಪಿದವರಲ್ಲ. ಮುಳಬಾಗಿಲಿನಿಂದ ಯಾರಾದರೂ ಕೊಂಡು ತಂದರೆ ಮೊದಲು ಅಂಗೈ ಮೇಲಿಟ್ಟು ತೂಗಿ ನೋಡುತ್ತಿದ್ದರು.

“ಫೋಟೋ ತೆಗೀತದೆ ಮಾವ, ರೇಡಿಯೋನೂ ಐತೆ” ಎಂದು ನಾವು ಹೊಗಳಿದರೆ ಒಂದೇ ಮಾತು: “ಅದೆಲ್ಲಾ ಸರೇ ಕಣಪ್ಪಾ, ಟವರ್ ಸಿಗ್ತದಾ?”

ಕೊನೆಗೆ ಅವರೂ ಒಂದು ಕ್ಯಾಮೆರಾ ಮೊಬೈಲು ಕೊಂಡರು. ಊರೊಳಗೆ ರಿಂಗಾದರೂ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಅವರು ಎರಡನೇ ರಿಂಗಿಗೇ ಕಟ್ ಮಾಡಿ, ಕೆರೆಕಟ್ಟೆ ಹತ್ತಿ, ತಾವೇ ತಿರುಗಿ ಫೋನು ಮಾಡುತ್ತಿದ್ದರು. ಒಮ್ಮೆಯೂ ತಪ್ಪಿಸಿದವರಲ್ಲ.

ಅವರು ತೀರಿಕೊಂಡಾಗ, ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಡುವ ನಮ್ಮ ಪದ್ಧತಿಯಂತೆ, ಮಗಳು ಎಲೆಅಡಿಕೆಯ ಪಕ್ಕ ಆ ಮೊಬೈಲನ್ನೂ ಗುಂಡಿಯಲ್ಲಿಟ್ಟಳು. ಅದನ್ನು ಆಫ್ ಮಾಡಲು ಯಾರಿಗೂ ನೆನಪಾಗಲಿಲ್ಲ.

ಮೂರನೇ ದಿನ ಹಾಲುತುಪ್ಪ ಬಿಡಲು ಹೋದ ಬೆಳಿಗ್ಗೆ ಸಮಾಧಿಯ ಮುಂದೆಯೇ ಆ ಮೊಬೈಲಿನ ಚರ್ಚೆ ಎದ್ದಿತು.

“ಬ್ಯಾಟರಿ ಇನ್ನೂ ಇರ್ತದೆ ಕಣೋ, ಹೊಸಾದು” ಎಂದ ಅವರ ಅಳಿಯ.

“ಇದ್ರೇನ್ಲಾ, ಮಣ್ಣಡಿ ಟವರ್ ಎಲ್ಲಿ ಸಿಗ್ತದೆ?” ಎಂದೆ ನಾನು. ವಾದ ಗೆಲ್ಲಬೇಕೆಂದೇ ಅವರ ನಂಬರು ಒತ್ತಿದೆ.

ಹಾಲು ಬಿದ್ದು ಒದ್ದೆಯಾದ ಮಣ್ಣಿನ ಕೆಳಗಿನಿಂದ ರಿಂಗು ಸಣ್ಣಗೆ ಕೇಳಿಸಿತು. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎರಡನೇ ಸಲ ರಿಂಗಾಯಿತು. ಅಷ್ಟಕ್ಕೇ ಕಟ್ಟಾಯಿತು.

ಯಾರೂ ಮನೆಗೆ ಹೊರಡಲಿಲ್ಲ. ನನ್ನ ಕೈಯಲ್ಲಿದ್ದ ಮೊಬೈಲನ್ನೇ ನೋಡುತ್ತ ಎಲ್ಲರೂ ನಿಂತೆವು.