ಹಗಲಲ್ಲಿ ದೀಪ ಆರಿಸಿದ ಕಾಂಪ್ಲೆಕ್ಸು

ಮಟಮಟ ಮಧ್ಯಾಹ್ನ ದೀಪ ಹಚ್ಚಿಕೊಂಡು ಕೂರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹಾಗೆ ಕೂರುವವರಲ್ಲಿ ನಾನೇ ಮೊದಲನೆಯವಳು ಎಂಬುದು ಬೇರೆ ಮಾತು. ಚಳ್ಳಕೆರೆಯ ನಮ್ಮ ಕಾಂಪ್ಲೆಕ್ಸಿನ ಮಹಡಿಯಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ. ಹೊರಗೆ ಎಣ್ಣೆ ಮಿಲ್ಲಿನ ತಗಡು ಸಿಡಿಯುವಂಥ ಬಿಸಿಲು. ಒಳಗೆ ಕತ್ತಲೆ, ಕತ್ತಲೆ ಓಡಿಸಲು ಬಲ್ಬು, ಬಲ್ಬಿನ ಕಾವು ಓಡಿಸಲು ಏಸಿ, ಏಸಿಯ ಭಾರಕ್ಕೆ ಕರೆಂಟು ಹೋದರೆ ಕೆಳಗೆ ಗುಡುಗುವ ಜನರೇಟರು, ಅದರ ಹೊಗೆ ನುಗ್ಗದಿರಲಿ ಎಂದು ಮುಚ್ಚಿದ ಕಿಟಕಿ, ಕಿಟಕಿ ಮುಚ್ಚಿದ್ದರಿಂದ ಮತ್ತೆ ಕತ್ತಲೆ! ನಮ್ಮ ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಧರ್ಮದ ಮಾತು ಕೆತ್ತಿಸಿದ ಚಕ್ರವರ್ತಿ ಬಯಲ ಬೆಳಕನ್ನೇ ನಂಬಿದ್ದ. ನಮಗೋ ಸೀರೆಗೆ ಅಂಟಿಸಿದ ಚೀಟಿ ಓದಲಿಕ್ಕೂ ಸ್ವಿಚ್ಚು ಬೇಕಿತ್ತು.

ಈ ಸುತ್ತನ್ನು ಮುರಿದವಳು ನನ್ನ ನಾದಿನಿ ಪದ್ಮ. ವೈರಿಂಗ್ ಕಂಟ್ರಾಕ್ಟು ಹಿಡಿಯುವವಳು. ಈ ಬೇಸಿಗೆಯಲ್ಲಿ ಕಾಂಪ್ಲೆಕ್ಸಿನ ಮೇನ್ ಸ್ವಿಚ್ಚು ಸುಟ್ಟುಹೋದಾಗ ರಿಪೇರಿಗೆ ಬಂದವಳು ತಲೆಯೆತ್ತಿ ನಿಂತುಬಿಟ್ಟಳು.

"ಅತ್ತಿಗೆ, ಇಷ್ಟು ಲೋಡ್ ಎಳೆದ್ರೆ ವೈರಲ್ಲ, ಕಟ್ಟಡಾನೇ ಹತ್ಕೊಂತೈತೆ. ಡೀಸೆಲ್ ಹೊಗೆ ಬೇರೆ ಊರೆಲ್ಲಾ ಕುಡೀತೈತೆ. ಉತ್ತರದ ಗೋಡೆ ತುಂಬಾ ಕಿಟಕಿ ಅವೆ, ಅವುಗಳ ಮೇಲೆ ಯಾಕ್ ಜಾಹೀರಾತಿನ ಬೋರ್ಡ್ ಹೊಡ್ದೀರಿ?"

ಬೋರ್ಡು ಬಿಚ್ಚಿ ಹಗಲಲ್ಲಿ ದೀಪ, ಏಸಿ ಆರಿಸೋಣ ಎಂಬ ಅವಳ ಮಾತಿನ ಮೇಲೆ ಅಂಗಡಿಯವರ ಸಭೆ ಸೇರಿತು. ಕೆಳಗಿನ ಚಪ್ಪಲಿ ಅಂಗಡಿಯ ರಹಮತ್ ಚಾಚಾ ನಮಗೆಲ್ಲ ಹಿರಿಯರು. ಅವರು ಒಪ್ಪಲಿಲ್ಲ.

"ಬತ್ತಿ ಆರಿಸಿದ್ರೆ ಗಿರಾಕಿ ದುಕಾನ್ ಬಂದ್ ಅಂತ ತಿಳ್ಕೊಂಡು ವಾಪಸ್ ಹೋಗ್ತಾರೆ ಬೇಟಿ. ಮದುವೆ ಸೀಜನ್ ಐತೆ!"

ಎಲ್ಲರೂ ತಲೆದೂಗಿದರು. ಮದುವೆಯ ಎರಡು ತಿಂಗಳ ವ್ಯಾಪಾರದಲ್ಲೇ ನಮ್ಮ ವರ್ಷ ಸಾಗಬೇಕು.

"ಒಂದು ವಾರ ನೋಡ್ರಿ ಚಾಚಾ," ಎಂದಳು ಪದ್ಮ. "ಸರಿ ಬರ್ಲಿಲ್ಲಾಂದ್ರೆ ಬೋರ್ಡ್ ಮತ್ತೆ ನಾನೇ ಹೊಡಿತೀನಿ."

ರಜೆಯ ದಿನ ತಾರಸಿಗೆ ಬಿಳಿ ಸುಣ್ಣ ಬಳಿಸಿ, ಹಳೆಯ ಬಲ್ಬು ಕಿತ್ತು ಎಲ್‌ಇಡಿ ಹಾಕಿಸಿ, ಕೊನೆಗೆ ಬೋರ್ಡುಗಳನ್ನು ಬಿಚ್ಚಿಸಿದಳು. ವರ್ಷಗಳ ಧೂಳಿನ ಜೊತೆಗೆ ಬೆಳಕು ದಬದಬನೆ ಒಳಗೆ ಬಿತ್ತು. ಎತ್ತರದ ಕಿಟಕಿಗಳಿಂದ ಬಿಸಿಗಾಳಿ ಹೊರಗೆ ಹೋಗಿ, ಕೆಳಗಿನ ಬಾಗಿಲಿಂದ ಗಾಳಿಯಾಡತೊಡಗಿತು. ಮೊಳಕಾಲ್ಮೂರಿನ ನೇಯ್ಗೆಯವರ ಮನೆಯ ಮಗಳು ನಾನು. ಖುಷಿ ಮಿತಿಮೀರಿದರೆ ಬಾಯಿಗೆ ತವರಿನ ತೆಲುಗೇ ಬರುತ್ತದೆ. "ಅಮ್ಮಯ್ಯೋ, ಎಂತ ವೆಲುಗು!" ಎಂದು ಆ ಬೆಳಕು ನೋಡಿ ಕೂಗಿಬಿಟ್ಟೆ.

ಮರುದಿನ ಗೌರಸಮುದ್ರದಿಂದ ಮದುವೆ ಜವಳಿಗೆ ಒಂದು ದಂಡೇ ಬಂತು. ಏಸಿ ಹಾಕಿರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿತ್ತು. ಗೊಣಗುತ್ತಾರೇನೋ ಎಂದು ನಾನು ಅವರ ಮುಖಗಳನ್ನೇ ನೋಡುತ್ತಿದ್ದೆ. ಮದುವಣಗಿತ್ತಿ ಒಂದು ನೀಲಿ ಸೀರೆ ಹಿಡಿದು, ಬಣ್ಣ ನೋಡಲು ಬೀದಿಗೆ ಹೊರಟವಳು, ಕಿಟಕಿಯ ಕೆಳಗೆ ಗಕ್ಕನೆ ನಿಂತಳು.

"ಅವ್ವಾ, ಇಲ್ಲೇ ಕಾಣ್ತೈತೆ ನೋಡು! ನೀಲಿ ಒಳಗೆ ನೇರಳೆ ಹೊಡಿತೈತೆ!"

ನಾನೂ ಓಡಿದೆ. ನಿಜ, ಮಡಿಕೆ ಮಡಿಕೆಗೂ ನೇರಳೆ ಮಿಂಚುತ್ತಿತ್ತು. ಅಂಥ ಎಷ್ಟು ಸೀರೆಗಳನ್ನು ಹಳದಿ ದೀಪದಡಿ ಬರೀ ನೀಲಿ ಎಂದು ಮಾರಿದ್ದೆನೋ! ಆಮೇಲೆ ಕೇಳಬೇಕೆ? ಅವಳ ಅವ್ವ, ಅತ್ತೆ, ಚಿಕ್ಕಮ್ಮ ಎಲ್ಲರೂ ಒಂದೊಂದು ಸೀರೆ ಎಳೆದುಕೊಂಡು ಕಿಟಕಿಯಡಿ ಸಾಲು ನಿಂತರು.

ಅಷ್ಟರಲ್ಲಿ ರಹಮತ್ ಚಾಚಾ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಬೇಟಿ, ಕರೆಂಟ್ ಹೋಗೈತೆ!"

ತಲೆಯೆತ್ತಿದೆ. ಫ್ಯಾನು ನಿಂತಿತ್ತು. "ಯಾವಾಗ ಹೋಯ್ತು ಚಾಚಾ?"

"ಗೊತ್ತಿಲ್ಲ! ಅದೇ ಹೇಳಾಕ್ ಬಂದೆ. ಯಾರಿಗೂ ಗೊತ್ತಿಲ್ಲ!"

ಎದುರಿನ ಕಾಂಪ್ಲೆಕ್ಸಿನಲ್ಲಿ ಜನರೇಟರು ಗುಡುಗುತ್ತಿತ್ತು, ನಮ್ಮದು ತಣ್ಣಗೆ ಕೂತಿತ್ತು. ಬೋರ್ಡು ಮತ್ತೆ ಹೊಡೆಯುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಚಾಚಾ ಮಾತ್ರ ನಿಲ್ಲಲಿಲ್ಲ, ಅಂಗಡಿ ಅಂಗಡಿಗೂ ಇಣುಕಿ, "ಕರೆಂಟ್ ಹೋಗೈತೆ, ಕರೆಂಟ್ ಹೋಗೈತೆ!" ಎಂದು ಸಾರುತ್ತಾ ಹೋದರು. ಆ ಸುದ್ದಿಯನ್ನು ನಮ್ಮೂರಲ್ಲಿ ಅಷ್ಟು ಸಂಭ್ರಮದಿಂದ ಹೇಳಿದವರು ಇನ್ನೊಬ್ಬರಿರಲಾರರು.